ಸ್ಪೇರ್ ಟೈಲ್ಸ್ ಇದ್ದವು, ಆದರೆ ಬೇರೆ ಬ್ಯಾಚಿನವು: ಒಂದು ಮೋಟರ್‌ಹೋಮ್ ನೆಲದ ರಿಪೇರಿ

ಮೂರು ಟೈಲ್ ಒಡೆದಿವೆ, ಗಾಡಿಯ ಕೆಳಗಿನ ಡಿಕ್ಕಿಯಲ್ಲಿ ಆರು ಸ್ಪೇರ್ ಟೈಲ್ಸ್ ಇವೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರಾಯಿತು ಅಂತಲೇ ಕೆಲಸ ಒಪ್ಪಿಕೊಂಡೆ. ಕೊನೆಗೆ ಆ ಆರರಲ್ಲಿ ಒಂದೂ ಒಡೆದ ಜಾಗಕ್ಕೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ, ಬದಲಿಗೆ ಎಲ್ಲಿಂದ ತಂದು ಹಾಕಿದೆವು ಅನ್ನುವುದನ್ನು ಅಳತೆ ಸಮೇತ ಬರೆದಿಡುತ್ತಿದ್ದೇನೆ. ದೊಡ್ಡ ಮೋಟರ್‌ಹೋಮ್ (ಒಳಗೇ ವಾಸಿಸುವ ಗಾಡಿ) ಇಟ್ಟುಕೊಂಡವರು ಕನಿಷ್ಠ ಮೊದಲ ಎರಡು ಹಂತಗಳನ್ನಾದರೂ ಓದಿಕೊಳ್ಳಿ, ಟೈಲ್ ಒಡೆಯುವ ಮೊದಲೇ.

ಗಾಡಿ ಬಸ್ಸಿನ ಗಾತ್ರದ್ದು, ಹಿಂದೆ ಡೀಸೆಲ್ ಎಂಜಿನ್, ಮೂರು ಸ್ಲೈಡ್‌ಔಟ್, ಅಂದರೆ ಗಾಡಿ ನಿಂತಾಗ ಮೋಟರ್‌ನಿಂದ ಹೊರಗೆ ಜಾರಿ ಜಾಗ ಹೆಚ್ಚಿಸುವ ಕೋಣೆಯ ಭಾಗಗಳು. ಹಾಲ್‌ನ ದೊಡ್ಡ ಸ್ಲೈಡ್‌ಔಟ್ ಹೊರಗೆ ಹೋದಾಗ ಅದರ ನೆಲ ಮತ್ತು ಹಾಲ್‌ನ ನೆಲ ಒಂದೇ ಮಟ್ಟಕ್ಕೆ ಬರುತ್ತವೆ. ಒಳಗೆ ಬರುವಾಗ ಅದು ತುಸು ಮೇಲೆದ್ದು, ತಳದ ಪ್ಲಾಸ್ಟಿಕ್ ಪ್ಯಾಡ್‌ಗಳ ಮೇಲೆ ಜಾರುತ್ತಾ ಹಾಲ್‌ನ ಟೈಲ್ಸ್ ಮೇಲೇ ಬಂದು ಕೂರುತ್ತದೆ. ನೆಲವೆಲ್ಲ ಪಾಲಿಶ್ ಮಾಡಿದ ಪೋರ್ಸೆಲಿನ್, ಹೆಸರಿಗೆ 600×600 ಮಿ.ಮೀ. ಹಾಲ್ ಮತ್ತು ನಡುದಾರಿಯ ಟೈಲ್ಸ್ ಕೆಳಗೆ ಕರೆಂಟಿನ ಹೀಟಿಂಗ್ ಮ್ಯಾಟ್ ಇದೆ. ಈ ಮ್ಯಾಟ್ ಮುಂದೆ ತುಂಬ ತಲೆ ತಿನ್ನುತ್ತದೆ.

ಹಂತ 1: ನೆಲದ ನಕ್ಷೆ

ಉಳಿ ಹಿಡಿಯುವ ಮುಂಚೆ ಹಾಲ್‌ನಿಂದ ಬೆಡ್‌ರೂಮಿನವರೆಗೆ ಪ್ರತಿ ಟೈಲ್‌ಗೂ ಮಾಸ್ಕಿಂಗ್ ಟೇಪ್ ಅಂಟಿಸಿ ನಂಬರ್ ಬರೆದೆವು. ಹಾಳೆಯ ಮೇಲೆ ಅದೇ ನಂಬರಿನ ಚೌಕಗಳು. ಪ್ರತಿ ಚೌಕದಲ್ಲಿ ನಾಲ್ಕು ವಿಷಯ: ತಟ್ಟಿದರೆ ಗಟ್ಟಿ ಸದ್ದೋ ಟೊಳ್ಳು ಸದ್ದೋ, ಉದ್ದಗಲ, ಸಂದಿನ ಅಗಲ, ಪಕ್ಕದ ಟೈಲ್‌ಗಿಂತ ಎಷ್ಟು ಎತ್ತರ ಅಥವಾ ತಗ್ಗು.

ಎತ್ತರ ನೋಡಲು ಒಂದು ಅಲ್ಯುಮಿನಿಯಂ ಪಟ್ಟಿ ಮತ್ತು ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳ ಗೊಂಚಲು) ಸಾಕು. ಪಟ್ಟಿಯನ್ನು ಎರಡು ಟೈಲ್ ಮೇಲೆ ಅಡ್ಡ ಇಟ್ಟು, ಕೆಳಗೆ ಬಿಟ್ಟ ಸಂದಿಗೆ ಗೇಜಿನ ಎಲೆ ತೂರಿಸಿ ನೋಡುವುದು. ಇಷ್ಟು ಕಿರಿದಾದ ಸಂದಿರುವ ನೆಲದಲ್ಲಿ 0.8 ಮಿ.ಮೀ. ಆಸುಪಾಸು ಏರುತಗ್ಗು ಇದ್ದರೆ ಒಪ್ಪಬಹುದು. ಹಾಲ್‌ನ ಬಹುಪಾಲು ಅದರೊಳಗೇ ಇತ್ತು. ಸ್ಲೈಡ್‌ಔಟ್ ಬದಿಯ ಎರಡನೇ ಸಾಲಿಗೆ ಬಂದಾಗ ಮಾತ್ರ ಗೇಜ್ 1.3 ತೋರಿಸಿತು. ಬರಿಗಾಲಲ್ಲಿ ನಡೆದರೆ ಹೆಬ್ಬೆರಳಿಗೇ ಸಿಗುವಷ್ಟು ಮೆಟ್ಟಿಲು. ಒಡೆದ ಮೂರೂ ಟೈಲ್ ಆ ಸಾಲಿನವೇ. ಮೂರರಲ್ಲೂ ಬಿರುಕು ಹೊರಟದ್ದು ಎತ್ತರದ ಅಂಚಿನಿಂದ.

ಉದ್ದಗಲದಲ್ಲೂ ಅದೇ ಕತೆ. ಹಾಲ್‌ನವು 597 ಮಿ.ಮೀ., ಆ ಎರಡನೇ ಸಾಲಿನವು ಮತ್ತು ನಡುದಾರಿಯವು 598.5. ಹಾಲ್‌ನಲ್ಲಿ ಸಂದು 3 ಮಿ.ಮೀ., ನಡುದಾರಿಯಲ್ಲಿ 1.5. ಅಂದರೆ ಟೈಲ್ ದೊಡ್ಡದಾದಷ್ಟು ಸಂದನ್ನು ಕಿರಿದು ಮಾಡಿ ಗೆರೆ ಕೂಡಿಸಿದ್ದಾರೆ. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಮುಂದಿನ ಗಾಜಿನಿಂದ ಓರೆಯಾಗಿ ಬೆಳಕು ಬಿದ್ದಾಗ ಮಾತ್ರ ನಡುದಾರಿಯ ಬಿಳುಪು ಕೊಂಚ ಹಳದಿಗೆ ತಿರುಗಿದಂತೆ ಕಾಣುತ್ತದೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪೋರ್ಸೆಲಿನ್ ಟೈಲ್ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯುವಾಗ ಕುಗ್ಗುತ್ತದೆ. ಒಂದು ಬ್ಯಾಚ್ ಕುಗ್ಗಿದಷ್ಟೇ ಇನ್ನೊಂದು ಕುಗ್ಗಬೇಕೆಂದಿಲ್ಲ. ಅದಕ್ಕೇ ಪೆಟ್ಟಿಗೆಯ ಮೇಲೆ ಶೇಡ್ ಮತ್ತು ಕ್ಯಾಲಿಬರ್ ಅಂತ ಎರಡು ಬೇರೆ ಗುರುತುಗಳಿರುತ್ತವೆ: ಮೊದಲನೆಯದು ಬಣ್ಣಕ್ಕೆ, ಎರಡನೆಯದು ನಿಜವಾದ ಅಳತೆಗೆ. ಮನೆ ಕಟ್ಟುವಾಗ ಒಂದು ರೂಮಿಗೆ ಒಂದೇ ಬ್ಯಾಚ್ ಹಾಕುತ್ತಾರೆ. ಈ ಗಾಡಿಯಲ್ಲಿ ಒಂದು ಬ್ಯಾಚ್ ಹಾಲ್‌ನ ಮಧ್ಯದಲ್ಲೇ ಮುಗಿದಿದೆ, ಮುಂದಿನ ಪೆಟ್ಟಿಗೆ ಒಡೆದು ಮುಂದುವರಿಸಿದ್ದಾರೆ.

ಹಂತ 2: ಸ್ಪೇರ್ ಪೆಟ್ಟಿಗೆ

ಆರು ಟೈಲ್ಸನ್ನೂ ಹೊರಗೆ ತೆಗೆದು ವರ್ನಿಯರ್‌ನಲ್ಲಿ ದಪ್ಪ ನೋಡಿದೆವು. 10.1 ಮಿ.ಮೀ. ಒಡೆದ ಟೈಲ್‌ನ ಚೂರೂ 10.1. ಆದರೆ ಹಾಲ್‌ನ ಟೈಲ್ 9.4. ಸ್ಲೈಡ್‌ಔಟ್ ಮೋಟರ್‌ನ ಮುಚ್ಚಳದ ಪಕ್ಕ ಒಂದು ಟೈಲ್‌ನ ಕತ್ತರಿಸಿದ ಅಂಚು ತೆರೆದಿತ್ತು, ಅಲ್ಲಿ ಅಳೆದದ್ದು. ಇಲ್ಲಿಂದ ಮುಂದೆ ಇವನ್ನು ತೆಳು ಬ್ಯಾಚ್, ದಪ್ಪ ಬ್ಯಾಚ್ ಅಂತಲೇ ಕರೆಯುತ್ತೇನೆ.

ಸ್ಪೇರ್ ಎಲ್ಲ ದಪ್ಪ ಬ್ಯಾಚ್. ಯೋಚಿಸಿದರೆ ಬೇರೆ ರೀತಿ ಆಗುವುದು ಸಾಧ್ಯವೂ ಇರಲಿಲ್ಲ. ಕೆಲಸ ಮುಗಿದಾಗ ಮಿಗುವುದು ಕೊನೆಗೆ ಒಡೆದ ಪೆಟ್ಟಿಗೆಯ ಟೈಲ್. ಒಂದು ನೆಲದಲ್ಲಿ ಎರಡು ಬ್ಯಾಚ್ ಇದ್ದರೆ ಡಿಕ್ಕಿಯಲ್ಲಿರುವ ಸ್ಪೇರ್ ಬಹುತೇಕ ಎರಡನೆಯದರದ್ದು. ಮೊದಲ ಬ್ಯಾಚಿನದು ಒಂದೂ ಮಿಕ್ಕಿರುವುದಿಲ್ಲ, ಮಿಕ್ಕಿದ್ದರೆ ಎರಡನೇ ಪೆಟ್ಟಿಗೆ ಒಡೆಯುವ ಅಗತ್ಯವೇ ಇರುತ್ತಿರಲಿಲ್ಲ. ಸ್ಪೇರ್ ಇದೆ ಅಂತ ಕೇಳಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದೊಂದನ್ನು ಅಳೆದು ನೋಡಿದರೆ ಒಳ್ಳೆಯದು.

ಹಂತ 3: ಜೇಡಿಮಣ್ಣಿನ ಪರೀಕ್ಷೆ

ಬಿರುಕಿಗೆ ಸ್ಲೈಡ್‌ಔಟೇ ಕಾರಣವೋ ಅಥವಾ ಯಾರಾದರೂ ಏನಾದರೂ ಬೀಳಿಸಿದ್ದೋ ಅನ್ನುವುದು ಖಾತ್ರಿಯಾಗಬೇಕಿತ್ತು. ಮಕ್ಕಳು ಗೊಂಬೆ ಮಾಡುವ ಮೆತ್ತನೆ ಬಣ್ಣದ ಜೇಡಿಯನ್ನು ಗೋಲಿಯಷ್ಟು ಉಂಡೆ ಮಾಡಿ, ಸ್ಲೈಡ್‌ಔಟ್ ಬರುವ ದಾರಿಯ ಪ್ರತಿ ಟೈಲ್ ಮೇಲೆ ಪ್ಲಾಸ್ಟಿಕ್ ಹಾಳೆಯ ತುಂಡು ಹಾಕಿ ಒಂದೊಂದು ಉಂಡೆ ಇಟ್ಟೆವು. ಪ್ಯಾಡ್ ಹಾಯುವ ಗೆರೆ ಬಿಟ್ಟು, ಮುಂಭಾಗದ ಅಂಚುಪಟ್ಟಿಯ ನೇರಕ್ಕೆ. ಗಾಡಿಯನ್ನು ಜಾಕ್ ಮೇಲೆ ಸಮಮಟ್ಟಕ್ಕೆ ತಂದು ಸ್ಲೈಡ್‌ಔಟ್ ಒಳಗೆ ಎಳೆದು, ಮತ್ತೆ ಹೊರಗೆ ಬಿಟ್ಟೆವು.

ತೆಳು ಟೈಲ್ ಮೇಲಿನ ಉಂಡೆಗಳು ರೊಟ್ಟಿಯಂತೆ ಚಪ್ಪಟೆಯಾಗಿ 3.2 ಮಿ.ಮೀ. ಉಳಿದಿದ್ದವು. ದಪ್ಪ ಸಾಲಿನಲ್ಲಿ ಉಳಿದದ್ದು 1.9. ಗೇಜ್ ತೋರಿಸಿದ ಅದೇ 1.3ರ ವ್ಯತ್ಯಾಸ: ಟೈಲ್ ದಪ್ಪದಿಂದ 0.7, ಉಳಿದದ್ದು ಅಡಿಯ ಪದರದಿಂದ. ಪ್ಯಾಡ್ ತೆಳು ಟೈಲ್ ಮೇಲೆ ಜಾರುತ್ತಾ ಬಂದು, ದಪ್ಪ ಟೈಲ್‌ನ ಅಂಚಿಗೆ ಪ್ರತಿ ಸಲವೂ ಡಿಕ್ಕಿ ಹೊಡೆದು ಮೇಲೆ ಹತ್ತುತ್ತಿದೆ. ಪ್ಯಾಡ್‌ನ ಮೂಗು ಕೂಡ ಒಂದು ಕಡೆ ಸವೆದು ಹೊಳೆಯುತ್ತಿತ್ತು.

ಅಲ್ಲಿಗೆ ವಿಷಯ ಸ್ಪಷ್ಟ. ಸ್ಪೇರ್ ಪೆಟ್ಟಿಗೆಯ ಟೈಲನ್ನು ಅಲ್ಲೇ ಕೂರಿಸಿದರೆ ಮೆಟ್ಟಿಲು ಹಾಗೇ ಉಳಿಯುತ್ತದೆ, ಮತ್ತೆ ಒಡೆಯುತ್ತದೆ. ಗಾಡಿಯವರು ಬಣ್ಣ ಹೊಂದುತ್ತದೆಯೇ ಅಂತ ಕೇಳುತ್ತಲೇ ಇದ್ದರು. ಜೊತೆಗಿದ್ದ ಮೇಸ್ತ್ರಿ, "ಬಣ್ಣ ಆಮೇಲೆ ನೋಡೋಣ ಸಾರ್, ಮೊದಲು ದಪ್ಪ ಕೂಡಲಿ" ಅಂದರು. ಅವರ ಮಾತೇ ಸರಿ.

ಗಮ್ ಕೆರೆದು ದಪ್ಪ ಟೈಲನ್ನೇ ತಗ್ಗಿಸಿ ಕೂರಿಸಬಹುದಲ್ಲ ಅಂತ ಲೆಕ್ಕ ಹಾಕಿದೆವು. ಹೀಟಿಂಗ್ ಮ್ಯಾಟ್‌ನ ಮೇಲ್ಮೈಯಿಂದ ತೆಳು ಟೈಲ್‌ನ ಮುಖದವರೆಗೆ 13.8 ಮಿ.ಮೀ. ಇದೆ. ಅದರಲ್ಲಿ 10.1 ಕಳೆದರೆ 3.7. ಮ್ಯಾಟ್‌ನ ತಂತಿಗೆ ತಾಗದಿರಲು ಹಳೇ ಗಮ್ 1 ಮಿ.ಮೀ. ಬಿಡಲೇಬೇಕು. ಹೊಸ ಗಮ್‌ಗೆ ಉಳಿಯುವುದು 2.7, ಚೀಲದ ಮೇಲೆ ಕೇಳುವುದು ಕನಿಷ್ಠ 3. ತೆಳು ಟೈಲ್ ಆದರೆ ಹೊಸ ಗಮ್‌ಗೆ 3.4 ಸಿಗುತ್ತದೆ. ಹಾಗಾಗಿ ತೆಳು ಬ್ಯಾಚಿನ ಟೈಲ್ ಗಾಡಿಯೊಳಗೇ ಎಲ್ಲಾದರೂ ಹುಡುಕಬೇಕು. ಆ ಮಾದರಿ ಈಗ ತಯಾರಾಗುತ್ತಿಲ್ಲ, ಅಂಗಡಿಯ ಮಾತೇ ಇಲ್ಲ.

ಹಂತ 4: ಕಾಣದ ಜಾಗದಿಂದ ಟೈಲ್ ಕೀಳುವುದು

ಮೊದಲು ಸೋಫಾದ ಕೆಳಗಿನ ಡ್ರಾಯರ್ ಎಳೆದು ನೋಡಿದರೆ ಬರೀ ಪ್ಲೈವುಡ್. ಮಂಚದ ಕೆಳಗೂ ಅಷ್ಟೇ. ಭಾರ ಉಳಿಸಲು ಪೀಠೋಪಕರಣದ ಅಡಿ ಟೈಲ್ ಹಾಕಿರುವುದಿಲ್ಲ, ಇದು ತಪ್ಪೂ ಅಲ್ಲ. ಆದರೆ ಹಿಂಭಾಗದ ಬಟ್ಟೆ ಕಪಾಟಿನ ಒಳಗೆ, ಕಾರ್ಪೆಟ್ ತುಂಡಿನ ಕೆಳಗೆ, ಮೂರು ಪೂರ್ತಿ ಟೈಲ್ ಸಿಕ್ಕವು. ಅಳೆದರೆ 597. ತೆಳು ಬ್ಯಾಚ್!

ಒಳ್ಳೆಯ ಸುದ್ದಿ ಇನ್ನೊಂದಿತ್ತು: ಕಪಾಟಿನಲ್ಲಿ ಹೀಟಿಂಗ್ ಮ್ಯಾಟ್ ಇಲ್ಲ, ಟೈಲನ್ನು ರಬ್ಬರಿನಂಥ ಪಾಲಿಯುರೆಥೇನ್ ಗಮ್‌ನಿಂದ ನೇರ ಪ್ಲೈವುಡ್‌ಗೆ ಅಂಟಿಸಿದ್ದಾರೆ. ಸಿಮೆಂಟ್ ಗಮ್ ಆಗಿದ್ದರೆ ಇಡಿಯಾಗಿ ತೆಗೆಯುವ ಆಸೆಯನ್ನು ಅಲ್ಲೇ ಬಿಡುತ್ತಿದ್ದೆವು.

ಸುತ್ತಲ ಸಂದಿಗೆ ತುಂಬಿದ್ದ ಗ್ರೌಟನ್ನು ಮಲ್ಟಿಟೂಲ್‌ಗೆ ಡೈಮಂಡ್ ಬ್ಲೇಡ್ ಹಾಕಿ ಪೂರ್ತಿ ತೆಗೆದು, ಮೊದಲ ಟೈಲ್‌ಗೆ ಅಗಲ ಪಟ್ಟಿ ಕತ್ತಿ ಮತ್ತು ಮರದ ಬೆಣೆಗಳನ್ನು ಪ್ರಯೋಗಿಸಿದೆವು. ಮೂರು ಮೂಲೆ ಎದ್ದವು, ನಾಲ್ಕನೆಯದರ ಕೆಳಗೆ ಗಮ್ ಗಂಟಾಗಿ ನಿಂತಿತ್ತು. ಬೆಣೆ ಒಂದು ಕೂದಲೆಳೆ ಒಳಗೆ ಹೋದದ್ದೇ ಆ ಮೂಲೆ ಅಂಗೈ ಅಗಲ ಸಿಡಿಯಿತು.

ಎರಡನೆಯದಕ್ಕೆ ವಿಧಾನ ಬದಲಾಯಿಸಿದೆವು. ವಾಹನದ ಮುಂದಿನ ಗಾಜು ಬಿಡಿಸಲು ಬಳಸುವ ಹೆಣೆದ ಉಕ್ಕಿನ ತಂತಿ ಸಿಗುತ್ತದೆ. ಅದರ ಒಂದು ತುದಿಯನ್ನು ಸಂದಿನಿಂದ ಟೈಲ್ ಅಡಿಗೆ ತೂರಿಸಿ, ಎರಡೂ ತುದಿಗೆ ಮರದ ಹಿಡಿ ಕಟ್ಟಿ, ಇಬ್ಬರು ಎದುರುಬದುರು ಕೂತು ಗರಗಸದಂತೆ ಎಳೆಯುವುದು. ಎಳೆತ ನೆಲಕ್ಕೆ ಸಮಾನಾಂತರವಾಗಿರಬೇಕು, ಮೇಲಕ್ಕೆ ಎತ್ತಿದರೆ ತಂತಿ ಟೈಲ್‌ನ ಅಂಚನ್ನೇ ಕಚ್ಚುತ್ತದೆ. ಅವಸರ ಮಾಡಿದರೆ ತಂತಿ ಬಿಸಿಯಾಗಿ ತುಂಡಾಗುತ್ತದೆ, ಒಂದೆರಡು ತುಂಡಾದವು ಕೂಡ. ಕಪಾಟಿನ ಇಕ್ಕಟ್ಟಿನಲ್ಲಿ ಮೊಣಕೈ ಆಡಲು ಜಾಗವಿಲ್ಲ, ಬೆನ್ನು ಮಾತ್ರ ಚೆನ್ನಾಗಿ ನೊಂದಿತು. ಆದರೆ ಕೊನೆಯ ಗೇಣು ಕತ್ತರಿಸಿದಾಗ ಸಕ್ಷನ್ ಕಪ್ ಹಾಕಿ ಎತ್ತಿದರೆ ಟೈಲ್ ಇಡಿಯಾಗಿ ಮೇಲೆ ಬಂತು. ಮೂರನೆಯದೂ ಹಾಗೇ.

ಎರಡು ಇಡಿ ಟೈಲ್, ಒಂದು ಮೂಲೆ ಮುರಿದದ್ದು. ಒಡೆದ ಮೂರರಲ್ಲಿ ಹಿಂದಿನ ಪ್ಯಾಡ್ ಗೆರೆಯದು ಗೋಡೆ ಬದಿಯ ಅರೆ ಟೈಲ್, 380 ಮಿ.ಮೀ. ಅಗಲ. ಮೂಲೆ ಮುರಿದ ಟೈಲ್‌ನಲ್ಲಿ ಅದಕ್ಕೆ ಬೇಕಾದಷ್ಟು ಒಳ್ಳೆಯ ಭಾಗ ಉಳಿದಿತ್ತು. ನೀರು ಹರಿಸುವ ಟೈಲ್ ಕಟರ್‌ನಲ್ಲಿ ಕತ್ತರಿಸಿ, ಅಂಚನ್ನು ಡೈಮಂಡ್ ಪ್ಯಾಡ್‌ನಿಂದ ಉಜ್ಜಿದೆವು.

ಹಿಂಬದಿಗೆ ಅಂಟಿದ ಗಮ್ ತೆಗೆಯಲು ಚಾಕು, ಆಮೇಲೆ ಬಿಸಿಗಾಳಿಯ ಗನ್, ಆಮೇಲೆ ಮತ್ತೆ ಚಾಕು. ಇಡೀ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ ಇದು. ಪೂರ್ತಿ ಹೋಗದಿದ್ದರೆ ಸಿಮೆಂಟ್ ಗಮ್ ಅಲ್ಲಿ ಹಿಡಿಯುವುದಿಲ್ಲ. ಪೋರ್ಸೆಲಿನ್ ಹೀರುವ ನೀರು ತೂಕದ 0.5 ಶೇಕಡಾಕ್ಕಿಂತ ಹೆಚ್ಚಿರುವುದಿಲ್ಲ, ಅಂದರೆ ಗಮ್‌ಗೆ ಒಳಗಿಳಿದು ಹಿಡಿಯಲು ಜಾಗವೇ ಇಲ್ಲ. ಮೇಲ್ಮೈ ಶುಚಿಯಾಗಿದ್ದರೆ ಮಾತ್ರ ಅಂಟುತ್ತದೆ. ಹೊಸ ಟೈಲ್ ಆದರೂ ಹಿಂಬದಿಯಲ್ಲಿ ಬಿಳಿ ಪುಡಿ ಇರುತ್ತದೆ, ಭಟ್ಟಿಯ ರೋಲರ್‌ಗೆ ಅಂಟದಿರಲಿ ಅಂತ ಬಳಿದದ್ದು. ಅದನ್ನೂ ಒದ್ದೆ ಸ್ಪಂಜಿನಿಂದ ಒರೆಸಬೇಕು.

ಹಂತ 5: ಹಾಲ್‌ನ ಒಡೆದ ಟೈಲ್ ತೆಗೆಯುವುದು

ಇಲ್ಲಿ ಟೈಲ್ ಉಳಿಯಬೇಕಿಲ್ಲ, ಮ್ಯಾಟ್ ಉಳಿಯಬೇಕು. ಕರೆಂಟ್ ಪೂರ್ತಿ ತೆಗೆದು, ಥರ್ಮೋಸ್ಟಾಟ್‌ನಿಂದ ಮ್ಯಾಟ್‌ನ ವೈರ್ ಬಿಡಿಸಿ, ಮಲ್ಟಿಮೀಟರ್‌ನಲ್ಲಿ ಓಮ್ (ತಂತಿಯ ರೋಧ) ನೋಡಿ ಗೋಡೆಯ ಟೇಪ್ ಮೇಲೆ ಬರೆದೆವು: 88. ತಂತಿಗೂ ಅದರ ಹೊರಗಿನ ಲೋಹದ ಜಾಲರಿಗೂ ನಡುವೆ ಸಂಪರ್ಕ ಇಲ್ಲ ಅಂತಲೂ ಖಾತ್ರಿ ಮಾಡಿಕೊಂಡೆವು. ಪ್ರತಿ ಟೈಲ್ ಕಿತ್ತ ಮೇಲೆ ಮತ್ತೆ ಅಳೆಯುವುದು ನಿಯಮ, ಅಂಕಿ ಬದಲಾಗದಿದ್ದರೆ ತಂತಿ ತುಂಡಾಗಿಲ್ಲ ಅಂತ ಅರ್ಥ.

ಅಕ್ಕಪಕ್ಕದ ಟೈಲ್ ಅಂಚಿಗೆ ಎರಡು ಪದರ ಟೇಪ್. ಗ್ರೌಟ್ ತೆಗೆಯುವ ಬ್ಲೇಡ್ ಮೇಲೆ 8 ಮಿ.ಮೀ.ಗೆ ಬಣ್ಣದ ಗುರುತು, ಅದಕ್ಕಿಂತ ಆಳಕ್ಕೆ ಇಳಿಯಕೂಡದು. ಟೈಲ್‌ನ ನಡುವೆ ಡೈಮಂಡ್ ಬಿಟ್‌ನಿಂದ, ನೀರು ಹನಿಸುತ್ತಾ, ನಿಧಾನ ವೇಗದಲ್ಲಿ, ಮುಖದಿಂದ 7 ಮಿ.ಮೀ. ಆಳದ ತೂತುಗಳ ಸಾಲು ಕೊರೆದೆವು. ಸಣ್ಣ ಸುತ್ತಿಗೆ ಮತ್ತು ಸೆಂಟರ್ ಪಂಚ್‌ನಿಂದ ಆ ಸಾಲನ್ನು ಒಡೆದು, ಮಧ್ಯದಿಂದ ಅಂಚಿನ ಕಡೆಗೆ ಚೂರು ಚೂರಾಗಿ ಎಬ್ಬಿಸಿದೆವು. ಉಳಿ ಮಲಗಿದಂತೆ ಇರಬೇಕು. ನೆಟ್ಟಗೆ ಹಿಡಿದರೆ ನೇರ ಹೀಟಿಂಗ್ ತಂತಿಗೇ ಹೋಗುತ್ತದೆ. ಚೂರುಗಳು ಗಾಜಿನಷ್ಟೇ ಹರಿತ, ಕನ್ನಡಕ ಮತ್ತು ದಪ್ಪ ಗ್ಲೌಸ್ ಬೇಕೇ ಬೇಕು. ಧೂಳಿಗೆ ವ್ಯಾಕ್ಯೂಮ್ ಪಕ್ಕದಲ್ಲೇ ಓಡುತ್ತಿರಲಿ, ಒಳ್ಳೆಯ ಮಾಸ್ಕ್ ಇರಲಿ. ಗಾಡಿಯೊಳಗೆ ಧೂಳು ಎಸಿಯ ಕೊಳವೆಗೆ ಹೋಗಿಬಿಟ್ಟರೆ ಮುಗಿಯಿತು, ಅದಕ್ಕೆ ಗ್ರಿಲ್‌ಗಳನ್ನೆಲ್ಲ ಪ್ಲಾಸ್ಟಿಕ್‌ನಿಂದ ಮುಚ್ಚಿದ್ದೆವು.

ಎರಡನೇ ಟೈಲ್‌ನ ಅಡಿಯಲ್ಲಿ ಗಮ್ ಐದು ಕಡೆ ಬೊಟ್ಟಿಟ್ಟಂತೆ ಮಾತ್ರ ಇತ್ತು, ಉಳಿದದ್ದೆಲ್ಲ ಟೊಳ್ಳು. ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಕೆಳಗೆ ಆಧಾರವಿಲ್ಲ. ಹಾಗಿದ್ದೂ ಇಷ್ಟು ಕಾಲ ತಡೆದದ್ದೇ ಹೆಚ್ಚು.

ಮೂರೂ ತೆಗೆದ ಮೇಲೆ ಮೀಟರ್ 88 ತೋರಿಸಿತು.

ಹಂತ 6: ಕೂರಿಸುವುದು

ಹಳೇ ಗಮ್ಮನ್ನು ಸುಮಾರು 1 ಮಿ.ಮೀ. ಬಿಟ್ಟು ಕೈ ಉಳಿಯಿಂದಲೇ ಕೆರೆದೆವು. ಗ್ರೈಂಡರ್ ಮುಟ್ಟಲಿಲ್ಲ. ಹೊಸ ಗಮ್ ಎಸ್2 ದರ್ಜೆಯದು. ಗಟ್ಟಿಯಾದ ಮೇಲೂ ಗಮ್‌ನ ಪರೀಕ್ಷಾ ಪಟ್ಟಿ 5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಾಗಬಲ್ಲದು ಅನ್ನುವುದು ಆ ಗುರುತಿನ ಅರ್ಥ, ಎಸ್1 ಆದರೆ 2.5ರಿಂದ 5. ರಸ್ತೆಯಲ್ಲಿ ಓಡುವಾಗ ಇಡೀ ನೆಲ ತಿರುಚಿಕೊಳ್ಳುವ ಗಾಡಿಗೆ ಮನೆಗೆ ಹಾಕುವ ಸಾದಾ ಗಮ್ ಸಾಲದು.

6 ಮಿ.ಮೀ. ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿನ ನೇರ ಗೆರೆಗಳು, ಟೈಲ್‌ನ ಬೆನ್ನಿಗೂ ತೆಳ್ಳನೆಯ ಪದರ. ಗೆರೆಗಳಿಗೆ ಅಡ್ಡಲಾಗಿ ಹಿಂದೆ ಮುಂದೆ ಜಗ್ಗಿ ಒತ್ತಿದರೆ ಗಾಳಿ ಹೊರಗೆ ಹೋಗುತ್ತದೆ. ಮೊದಲನೆಯದನ್ನು ಕೂರಿಸಿ ಕೂಡಲೇ ಸಕ್ಷನ್ ಕಪ್‌ನಿಂದ ಎತ್ತಿ ನೋಡಿದೆವು, ಬೆನ್ನೆಲ್ಲ ಗಮ್ ಮೆತ್ತಿಕೊಂಡಿತ್ತು. ಮತ್ತೆ ಗಮ್ ಹಾಕಿ ಇಳಿಸಿದೆವು. ಹಿಂಬದಿಯ ಬಾಣದ ಗುರುತು ಹಾಲ್‌ನ ಉಳಿದವುಗಳ ದಿಕ್ಕಿಗೇ ಇರುವಂತೆ ನೋಡಿಕೊಂಡದ್ದರಿಂದ ಎಳೆಗಳ ವಿನ್ಯಾಸ ಹೊಂದಿತು. ಹೊಳಪಿನಲ್ಲಿ ಸಣ್ಣ ವ್ಯತ್ಯಾಸ ಕಾಣುತ್ತದೆ: ಕಪಾಟಿನ ಟೈಲ್ ಮೇಲೆ ಯಾರೂ ನಡೆದಿಲ್ಲ, ಹೊಚ್ಚಹೊಸದಂತಿದೆ. ಅದಕ್ಕೆ ಏನೂ ಮಾಡಲಿಲ್ಲ, ಕಾಲಾಡಿದರೆ ತಾನೇ ಸರಿಹೋಗುತ್ತದೆ.

ದಪ್ಪ ಸಾಲಿನಲ್ಲಿ ಒಡೆಯದೆ ಉಳಿದ ಟೈಲ್ಸ್ ಪ್ಯಾಡ್ ಗೆರೆಯಲ್ಲಿ ಇಲ್ಲವಾದ್ದರಿಂದ ಮುಟ್ಟಲಿಲ್ಲ. ಹಾಗಾಗಿ ಅವುಗಳ ಪಕ್ಕದಲ್ಲಿ ಹೊಸ ಟೈಲ್ 1.3 ಮಿ.ಮೀ. ತಗ್ಗು. ಕಾಲಿಗೆ ಗೊತ್ತಾಗುತ್ತದೆ. ಪ್ಯಾಡ್ ಓಡುವ ದಿಕ್ಕಿಗೆ ಮಾತ್ರ ಎಲ್ಲ ಒಂದೇ ಮಟ್ಟ, ನನಗೆ ಬೇಕಿದ್ದದ್ದು ಅದು. ಆ ಪಕ್ಕದ ಅಂಚುಗಳನ್ನು ಡೈಮಂಡ್ ಪ್ಯಾಡ್‌ನಿಂದ ಓರೆಯಾಗಿ ಉಜ್ಜೋಣ ಅಂತ ಮೇಸ್ತ್ರಿ ಹೇಳಿದರು. ಪಾಲಿಶ್ ಹೋಗಿ ಮಂಕು ಗೆರೆ ಕಾಣುತ್ತದೆ ಅಂತ ಬೇಡವೆಂದೆ.

ಕಪಾಟಿನ ಖಾಲಿ ಜಾಗಕ್ಕೆ ಸ್ಪೇರ್ ಪೆಟ್ಟಿಗೆಯ ಮೂರು ದಪ್ಪ ಟೈಲ್ ಹೋದವು, ಮತ್ತೆ ಪಾಲಿಯುರೆಥೇನ್ ಗಮ್‌ನಲ್ಲೇ. ಅಲ್ಲಿ ಏರುತಗ್ಗು ಯಾರಿಗೂ ಅಡ್ಡವಿಲ್ಲ.

ಹಂತ 7: ಗ್ರೌಟ್, ಸಿಲಿಕೋನ್, ಮರುಪರೀಕ್ಷೆ

ಟೈಲ್ ನಡುವೆ ನಮ್ಯ ಗ್ರೌಟ್. ಸ್ಲೈಡ್‌ಔಟ್ ಹೊಸ್ತಿಲು, ಗೋಡೆ ಬದಿ, ಅಡುಗೆ ಕಟ್ಟೆಯ ಬುಡ ಇಷ್ಟು ಕಡೆ ಗ್ರೌಟ್ ಬದಲು ಅದೇ ಬಣ್ಣದ ಸಿಲಿಕೋನ್. ಮೊದಲು ಅಲ್ಲೆಲ್ಲ ಗ್ರೌಟ್ ತುಂಬಿದ್ದರು, ಅದು ಪುಡಿಯಾಗಿ ಸಣ್ಣ ಹರಳುಗಳು ಪ್ಯಾಡ್ ದಾರಿಗೆ ಉದುರುತ್ತಿದ್ದವು. ಆ ಹರಳು ಪ್ಯಾಡ್ ಕೆಳಗೆ ಸಿಕ್ಕರೆ ಪಾಲಿಶ್ ಮೇಲೆ ಗೀರು ಗ್ಯಾರಂಟಿ.

ಗಮ್ ಮತ್ತು ಸಿಲಿಕೋನ್ ಪೂರ್ತಿ ಗಟ್ಟಿಯಾಗುವವರೆಗೆ ಸ್ಲೈಡ್‌ಔಟ್ ಹೊರಗೇ, ಗಾಡಿ ನಿಂತಲ್ಲೇ. ಆಮೇಲೆ ಸವೆದ ಪ್ಯಾಡ್ ಬದಲಾಯಿಸಿ, ಮತ್ತೆ ಜೇಡಿ ಉಂಡೆ ಇಟ್ಟು ಸ್ಲೈಡ್‌ಔಟ್ ಎಳೆದರೆ ಹೊಸ ಟೈಲ್ಸ್ ಮೇಲೆ 3.1, 3.2, 3.1.

ಖರ್ಚಿನ ಬಗ್ಗೆ: ಟೈಲ್‌ಗೆ ಏನೂ ಹೋಗಲಿಲ್ಲ. ದುಡ್ಡು ಹೋದದ್ದು ಡೈಮಂಡ್ ಬ್ಲೇಡ್, ಬಿಟ್ ಮತ್ತು ಎಸ್2 ಗಮ್‌ಗೆ. ಮೂರು ಟೈಲ್‌ಗೆ ಒಂದು ಚೀಲದ ಸ್ವಲ್ಪ ಭಾಗ ಸಾಕು, ಆದರೆ ಕೊಳ್ಳಬೇಕಾದದ್ದು ಇಡೀ ಚೀಲ. ಕೂಲಿಯಲ್ಲಿ ಹೆಚ್ಚು ಪಾಲು ಕಪಾಟಿನ ಟೈಲ್ ಬಿಡಿಸಿದ್ದಕ್ಕೆ.

ಹಂತ 8: ಉಳಿದ ಸ್ಪೇರ್

ಮೂರು ದಪ್ಪ ಟೈಲ್ ಉಳಿದಿವೆ. ಅವು ನಡುದಾರಿಗೆ ಸರಿಯಾಗಿ ಹೊಂದುತ್ತವೆ, ಅಲ್ಲಿಗೆ ಮಾತ್ರ. ಹಾಲ್‌ಗೆ ಈಗ ಸ್ಪೇರ್ ಇಲ್ಲ. ಇನ್ನೊಂದು ತೆಳು ಟೈಲ್ ಒಡೆದರೆ ತರಲು ಜಾಗವೇ ಇಲ್ಲ ಅಂತ ಗಾಡಿಯವರಿಗೆ ಹೇಳಿದ್ದೇನೆ.

ಮೊದಲು ಆರೂ ಟೈಲ್ಸನ್ನು ಹಿಂದಿನ ಚಕ್ರಕ್ಕೂ ಹಿಂದಿದ್ದ ಡಿಕ್ಕಿಯಲ್ಲಿ ಒಂದರ ಮೇಲೊಂದು ಮಲಗಿಸಿದ್ದರು. ಒಂದು ಟೈಲ್ ಎಂಟು ಕಿಲೋ ಆಸುಪಾಸು ತೂಗುತ್ತದೆ, ಆರಕ್ಕೆ ಐವತ್ತರ ಹತ್ತಿರ. ಅಷ್ಟು ಭಾರ ತುದಿಯಲ್ಲಿ ನೇತಾಡುವುದೂ ಬೇಡ, ಕುಲುಕಾಟಕ್ಕೆ ಮೂಲೆ ಮುಕ್ಕಾಗುವುದೂ ಬೇಡ. ಈಗ ಮೂರನ್ನೂ ಎರಡು ಆಕ್ಸಲ್‌ಗಳ ನಡುವಿನ ಡಿಕ್ಕಿಯಲ್ಲಿ, ರಬ್ಬರ್ ಶೀಟ್ ಮೇಲೆ ಅಂಚು ನಿಲ್ಲಿಸಿ, ನಡುವೆ ಫೋಮ್ ಇಟ್ಟು, ಬೆಲ್ಟ್ ಬಿಗಿದಿದ್ದೇವೆ. ಪೆಟ್ಟಿಗೆಯ ಲೇಬಲ್ ಕತ್ತರಿಸಿ, ಅದರ ಕೆಳಗೆ ದಪ್ಪ 10.1, ಅಳತೆ 598.5, ನಡುದಾರಿಗೆ ಮಾತ್ರ ಅಂತ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದೆವು. ಪಕ್ಕದಲ್ಲಿ ನೆಲದ ನಕ್ಷೆಯೂ ಇದೆ, ತೆಳು ಟೈಲ್‌ಗಳಿಗೆ ನೀಲಿ, ದಪ್ಪಕ್ಕೆ ಕೆಂಪು.

ಹಾಲ್ ಮತ್ತು ನಡುದಾರಿ ಸೇರುವಲ್ಲಿ 3 ಮಿ.ಮೀ. ಸಂದು ಥಟ್ಟನೆ 1.5 ಆಗುವುದು ಹಾಗೇ ಇದೆ. ಅದನ್ನು ಸರಿಪಡಿಸಬೇಕೆಂದರೆ ಮ್ಯಾಟ್ ಮೇಲಿನ ಇಡೀ ನಡುದಾರಿ ಕೀಳಬೇಕು. ಅಲ್ಲಿ ಬಾಗಿಲಪಟ್ಟಿಯಂಥ ತೆಳ್ಳನೆಯ ಲೋಹದ ಪಟ್ಟಿ ಕೂರಿಸಿ ಮರೆಮಾಡುವ ಯೋಚನೆ ಇದೆ, ಮುಂದಿನ ಸಲ ಗಾಡಿ ಬಂದಾಗ.